1:35 ಟೈಟಾನಿಕ್ ಲೈಫ್‌ಬೋಟ್ ಕಿಟ್: ತುದಿಯಲ್ಲಿ ಹಲಗೆ ಕೂರುತ್ತಿಲ್ಲ, ಒಳಗೆಲ್ಲ ಬೋಳು

ಪುಟ್ಟಹಡಗು:

ಎಲ್ಲರಿಗೂ ನಮಸ್ಕಾರ. ಮರದ ಮಾದರಿ ಕಟ್ಟುವ ಕಿಟ್ ಹಿಡಿದಿರುವುದು ಇದೇ ಮೊದಲು. ಇಲ್ಲಿಯವರೆಗೆ ಪ್ಲಾಸ್ಟಿಕ್ ವಿಮಾನಗಳನ್ನಷ್ಟೇ ಮಾಡಿದ್ದೆ. ಈಗ ಕಟ್ಟುತ್ತಿರುವುದು ಟೈಟಾನಿಕ್ ಹಡಗಿನ ಒಂದು ಲೈಫ್‌ಬೋಟ್, 1:35 ಅಳತೆ, ಅಂದರೆ ನಿಜವಾದ ದೋಣಿಯ 35ರಲ್ಲಿ ಒಂದು ಪಾಲು. ಸುಮಾರು ಒಂದು ಗೇಣಿಗಿಂತ ಸ್ವಲ್ಪ ಉದ್ದ.

ಬಲಗಡೆ 6 ಹಲಗೆ ಕೂರಿಸಿದ್ದೇನೆ, ಎಡಗಡೆ 4. ಮಧ್ಯದಲ್ಲಿ ಚೆನ್ನಾಗಿ ಕೂತಿವೆ. ಎರಡೂ ತುದಿಗಳಲ್ಲಿ ಮಾತ್ರ ಹಲಗೆಗಳು ಮೆಟ್ಟಿಲಿನ ಹಾಗೆ ಎದ್ದು ನಿಲ್ಲುತ್ತಿವೆ. ಬಗ್ಗಿಸಲು ಹೋಗಿ ಒಂದು ಸೀಳಿಯೂ ಹೋಯಿತು.

ಇನ್ನೊಂದು ವಿಷಯ. ಕಿಟ್‌ನಲ್ಲಿ ಒಳಗಡೆಗೆ ಅಂತ ಕೊಟ್ಟಿರುವುದು ಅಡ್ಡ ಸೀಟುಗಳು, ಹುಟ್ಟುಗಳು, ಒಂದು ಸುರುಳಿ ದಾರ, ಒಂದು ಪೊಟ್ಟಣ ಹಿತ್ತಾಳೆ ಮೊಳೆ ಅಷ್ಟೇ. ಹಾಗೇ ಬಿಟ್ಟರೆ ತೊಟ್ಟಿಲಿನ ಹಾಗೆ ಕಾಣುತ್ತದೆ. ಏನೇನು ಸೇರಿಸಬಹುದು? ಕೊನೆಗೆ ಮುಂದುಗಡೆ 1 ಅಂತ ನಂಬರ್ ಬರೆಯೋಣ ಅಂದುಕೊಂಡಿದ್ದೇನೆ.

ಹಾಯಿಪಟ:

ಮೊದಲು ಆ ಬಲಗಡೆ ಕೆಲಸ ನಿಲ್ಲಿಸಿ. ಎಡಗಡೆ 2 ಹಲಗೆ ಹಾಕಿ ಸಮ ಮಾಡಿ. ಒಂದೇ ಕಡೆ ಹಾಕುತ್ತಾ ಹೋದರೆ ಕೀಲ್, ಅಂದರೆ ದೋಣಿಯ ಅಡಿಯಲ್ಲಿ ಉದ್ದಕ್ಕಿರುವ ನಡುಮರ, ಆ ಕಡೆಗೆ ಎಳೆದುಕೊಂಡು ಬಾಗುತ್ತದೆ. ಆಮೇಲೆ ಅದನ್ನು ನೆಟ್ಟಗೆ ಮಾಡಲು ಆಗುವುದಿಲ್ಲ. ಬಲಕ್ಕೊಂದು, ಎಡಕ್ಕೊಂದು, ಹೀಗೇ ಹೋಗಬೇಕು.

ಸೂಪರ್ ಗ್ಲೂ ಬಳಸುತ್ತಿದ್ದರೆ ಜಾಗ್ರತೆ. ಮರಕ್ಕೆ ಇಳಿದ ಕಡೆ ಕಲೆ ಉಳಿಯುತ್ತದೆ. ಅಲ್ಲಿ ವಾರ್ನಿಷ್ ಬೇರೆಯೇ ಬಣ್ಣ ತೋರಿಸುತ್ತದೆ. ಬಿಳಿ ಮರದ ಅಂಟೇ ಸಾಕು, ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಕಡಲಂಚು:

ಸರ್, ಇದೇ ಅಳತೆಯ ದೋಣಿಯನ್ನು ನಾನು ಎರಡು ಸಲ ಕಟ್ಟಿದ್ದೇನೆ. ಮೊದಲನೆಯದಕ್ಕೆ ನಿಮ್ಮದರ ಹಾಗೇ ತುದಿಯಲ್ಲಿ ಮೆಟ್ಟಿಲು ಬಂದಿತ್ತು. ಪುಟ್ಟಿ ಮೆತ್ತಿ ಮುಚ್ಚಿದೆ. ಬಣ್ಣ ಹಚ್ಚಿದ ಮೇಲೆ ಆ ಜಾಗ ಊದಿಕೊಂಡ ಕೆನ್ನೆಯ ಹಾಗೆ ಕಾಣುತ್ತಿತ್ತು. ನೋಡಿದಾಗಲೆಲ್ಲ ಬೇಜಾರಾಗಿ ಎರಡನೆಯದಕ್ಕೆ ಕೈ ಹಾಕಿದೆ. ಅದಕ್ಕೇ ಹಲಗೆ ವಿಷಯ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇದು ಕ್ಲಿಂಕರ್ ದೋಣಿ. ಮಾಡಿಗೆ ಹೆಂಚು ಹೊದಿಸಿದ ಹಾಗೆ, ಮೇಲಿನ ಹಲಗೆಯ ಅಂಚು ಕೆಳಗಿನ ಹಲಗೆಯ ಮೇಲೆ ಕೂರುತ್ತದೆ. ಹೊಟ್ಟೆಯ ಭಾಗದಲ್ಲಿ ಆ ಅಂಚು ಎದ್ದು ಕಾಣಬೇಕು, ದೋಣಿಯ ಚೆಂದ ಇರುವುದೇ ಅಲ್ಲಿ. ಆದರೆ ತುದಿಗೆ ಹತ್ತಿರವಾಗುತ್ತಾ ಎರಡೂ ಹಲಗೆಗಳು ಒಂದೇ ಮಟ್ಟಕ್ಕೆ ಬರಬೇಕು. ದೊಡ್ಡ ದೋಣಿ ಕಟ್ಟುವವರೂ ಹೀಗೇ ಮಾಡುತ್ತಾರೆ. ಕೊನೆಯ 2–3 ಸೆಂ.ಮೀ. ಉದ್ದಕ್ಕೆ ಕೆಳಗಿನ ಹಲಗೆಯ ಮೇಲಂಚನ್ನು ಹೊರಗಡೆಯಿಂದ ಕೆರೆಯಿರಿ. ಮೇಲಿನ ಹಲಗೆಯ ಕೆಳಂಚನ್ನು ಒಳಗಡೆಯಿಂದ ಕೆರೆಯಿರಿ. ಇಳಿಜಾರಾಗಿ, ತುತ್ತತುದಿಯಲ್ಲಿ ಎರಡೂ ಅರ್ಧ ದಪ್ಪ ಉಳಿಯುವ ಹಾಗೆ. ಆಗ ಎರಡು ಅರ್ಧ ಸೇರಿ ಒಂದು ದಪ್ಪವಾಗುತ್ತದೆ, ಮೆಟ್ಟಿಲೇ ಇರುವುದಿಲ್ಲ. ಒಂದು ಪುಟ್ಟ ಕಡ್ಡಿಗೆ ಸ್ಯಾಂಡ್‌ಪೇಪರ್ ಅಂಟಿಸಿಕೊಂಡರೆ ಈ ಕೆಲಸಕ್ಕೆ ಸಾಕು. ಹಲಗೆಗಳನ್ನು ಲೇಸರ್‌ನಲ್ಲಿ ಕತ್ತರಿಸಿದ್ದರೆ ಅಂಚಿನ ಕರಿಯನ್ನೂ ಉಜ್ಜಿ ತೆಗೆಯಿರಿ. ಸುಟ್ಟ ಅಂಚಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಸೀಳುವುದು ಒಣ ಮರವನ್ನು ಬಗ್ಗಿಸುವುದರಿಂದ. ಬಿಸಿನೀರಿನಲ್ಲಿ ಹಲಗೆಯ ಎರಡೂ ತುದಿ ಮೆತ್ತಗಾಗುವಷ್ಟು ಹೊತ್ತು ನೆನೆಸಿ. ದೋಣಿಯ ಮೇಲೇ ಕೂರಿಸಿ, ಬಟ್ಟೆ ಕ್ಲಿಪ್ ಹಾಕಿ, ಅಂಟು ಹಚ್ಚದೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೆಗೆದರೆ ಆಕಾರ ಹಿಡಿದಿರುತ್ತದೆ. ಆಮೇಲೆ ಅಂಟಿಸಿ. ಸೀಳಿದ ಹಲಗೆಯನ್ನು ಎಸೆಯಬೇಡಿ. ಅದನ್ನೇ ತೆಳು ಮರದ ಮೇಲಿಟ್ಟು ಗೆರೆ ಎಳೆದು ಹೊಸದನ್ನು ಕತ್ತರಿಸಬಹುದು.

ಇನ್ನು ಒಳಗಡೆ. ಏನು ಸೇರಿಸಬೇಕು ಅನ್ನುವುದಕ್ಕೆ ಮೊದಲು, ಕಿಟ್ ಕೊಟ್ಟಿರುವುದು ಅಳತೆಗೆ ಸರಿಯಿದೆಯಾ ಅಂತ ನೋಡಿ. ಎಲ್ಲವನ್ನೂ 35ರಿಂದ ಗುಣಿಸುತ್ತಾ ಹೋಗಿ. ಕಿಟ್‌ನ ದಾರ 1 ಮಿ.ಮೀ. ದಪ್ಪ ಇದ್ದರೆ ನಿಜದಲ್ಲಿ ಅದು 35 ಮಿ.ಮೀ. ಹಗ್ಗ. ದೋಣಿಯ ಸುತ್ತ ಇಳಿಬಿಡುವ ಕೈಹಗ್ಗ ಅಷ್ಟು ದಪ್ಪ ಇರುವುದಿಲ್ಲ ಅಲ್ವಾ? ನಾನು 0.4 ಮಿ.ಮೀ. ದಾರ ಹಾಕಿದೆ. ಆ ಹಿತ್ತಾಳೆ ಮೊಳೆಯ ತಲೆ 1 ಮಿ.ಮೀ. ಇದ್ದರೆ ಅದೂ ನಾಣ್ಯದಷ್ಟು ದೊಡ್ಡದಾಯಿತು. ನಿಜವಾದ ದೋಣಿಗೆ ತಾಮ್ರದ ಮೊಳೆ ಹೊಡೆದು, ಒಳಗಡೆ ಪುಟ್ಟ ಬಿಲ್ಲೆಯ ಮೇಲೆ ಬಡಿದು ಕೂರಿಸಿದ್ದರು. ಈ ಅಳತೆಯಲ್ಲಿ ಸೂಜಿಯ ತುದಿಯಿಂದ ಒಂದು ಚುಕ್ಕಿ ಒತ್ತಿದರೆ ಸಾಕು. ಪೊಟ್ಟಣವನ್ನು ಪಕ್ಕಕ್ಕಿಡಿ.

1912ರ ಬ್ರಿಟಿಷ್ ವಿಚಾರಣೆಯ ವರದಿಯಲ್ಲಿ ಈ ದೋಣಿಗಳ ವಿವರ ಸೊಗಸಾಗಿದೆ. ಉದ್ದ 30 ಅಡಿ, ಅಗಲ 9 ಅಡಿ 1 ಇಂಚು, ಆಳ 4 ಅಡಿ. ಕೀಲ್ ಎಲ್ಮ್ ಮರದ್ದು, ತುದಿಕಂಬಗಳು ಓಕ್, ಹಲಗೆ ಹಳದಿ ಪೈನ್, ಸೀಟು ಪಿಚ್ ಪೈನ್. ಒಳಗಿನ ಪಕ್ಕೆಲುಬುಗಳು ಸುಮಾರು 9 ಇಂಚಿಗೊಂದು. ನಿಮ್ಮ ದೋಣಿಯಲ್ಲಿ ಅದು 6.5 ಮಿ.ಮೀ.ಗೆ ಒಂದು ಆಗುತ್ತದೆ. ತೊಟ್ಟಿಲಿನ ಹಾಗೆ ಕಾಣುತ್ತದೆ ಅಂದಿರಲ್ಲ, ಅದನ್ನು ಹೋಗಲಾಡಿಸುವುದು ಈ ಪಕ್ಕೆಲುಬುಗಳೇ. ಬೇರೆ ಏನೂ ಸೇರಿಸದಿದ್ದರೂ ಪರವಾಗಿಲ್ಲ, ಇದನ್ನು ಮಾತ್ರ ಬಿಡಬೇಡಿ. 1 ಮಿ.ಮೀ. ಅಗಲದ ತೆಳು ಪಟ್ಟಿ ಸಾಕು. ಅಡಿಯವರೆಗೂ ಇಳಿಸಬೇಕಿಲ್ಲ. ಪಕ್ಕದ ಸೀಟುಗಳ ಕೆಳಗೆ ದೋಣಿ ತೇಲಲು ತಾಮ್ರದ ಗಾಳಿಪೆಟ್ಟಿಗೆಗಳಿದ್ದವು. ಅವುಗಳ ಮುಂದೆ ಹಲಗೆ ಹಾಕಿ ಮುಚ್ಚಿಬಿಟ್ಟರೆ ಕಣ್ಣಿಗೆ ಬೀಳುವುದು ಮೇಲಿನ ಒಂದು ಸೆಂ.ಮೀ. ಅಷ್ಟೇ.

ಸೀಟಿನ ಎತ್ತರ ನೋಡಲು 5 ಸೆಂ.ಮೀ. ಎತ್ತರದ ಒಂದು ರಟ್ಟಿನ ಮನುಷ್ಯನನ್ನು ಕತ್ತರಿಸಿಕೊಳ್ಳಿ. ಈ ಅಳತೆಯಲ್ಲಿ ದೊಡ್ಡವರು ಅಷ್ಟೇ ಎತ್ತರ. ಮಂಡಿ ಮಡಿಸಿ ಸೀಟಿನ ಮೇಲೆ ಕೂರಿಸಿ. ಕಾಲು ನೇತಾಡಿದರೆ ಸೀಟು ಜಾಸ್ತಿ ಎತ್ತರವಾಯಿತು. ಇಂಥ ಒಂದು ದೋಣಿಗೆ 65 ಜನ ಅಂತ ಲೆಕ್ಕ ಇಟ್ಟಿದ್ದರು. ನಾನು ಒಂದು ಸಂಜೆ ಕೂತು 65 ರಟ್ಟಿನ ಜನರನ್ನು ಕತ್ತರಿಸಿ ಒಳಗಿಟ್ಟು ನೋಡಿದೆ. ಭುಜಕ್ಕೆ ಭುಜ ತಾಗಿ, ನಡುವೆ ನಿಂತವರೂ ಸೇರಿ, ಹುಟ್ಟು ಆಡಿಸಲು ಜಾಗವೇ ಉಳಿಯಲಿಲ್ಲ. ಅವತ್ತಿನಿಂದ ಈ ದೋಣಿ ನನಗೆ ಬರೀ ಮರದ ಕೆಲಸವಾಗಿ ಉಳಿದಿಲ್ಲ.

ನಂಬರ್ ವಿಷಯ. ದಯವಿಟ್ಟು 1 ಬರೆಯಬೇಡಿ. 1 ಮತ್ತು 2 ತುರ್ತು ಕೆಲಸಕ್ಕಿಟ್ಟ ಚಿಕ್ಕ ಕಟರ್ ದೋಣಿಗಳು, ಸುಮಾರು 25 ಅಡಿ, 40 ಜನಕ್ಕೆ. ನೀವು ಕಟ್ಟುತ್ತಿರುವುದು 30 ಅಡಿಯದ್ದು. ಅಂಥವು 14 ಇದ್ದವು, ನಂಬರ್ 3ರಿಂದ 16. ಬೆಸ ಸಂಖ್ಯೆಯವು ಹಡಗಿನ ಬಲಗಡೆ, ಸಮ ಸಂಖ್ಯೆಯವು ಎಡಗಡೆ.

ಪುಟ್ಟಹಡಗು:

ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ. ಹಾಯಿಪಟ ಸರ್, ಎಡಗಡೆ ಸಮ ಮಾಡಿದೆ. ಕೀಲ್ ಇನ್ನೂ ನೆಟ್ಟಗಿದೆ, ಸದ್ಯ.

ನೆನೆಸಿ ಬಗ್ಗಿಸಿದ ಹಲಗೆ ಸುಮ್ನೆ ಹೋಗಿ ಕೂತಿತು! ಇಷ್ಟು ದಿನ ಬಲ ಹಾಕಿ ಒದ್ದಾಡಿದ್ದೆ. ರಟ್ಟಿನ ಮನುಷ್ಯನನ್ನೂ ಮಾಡಿದೆ. ಕಿಟ್‌ನ ಸೀಟು 4 ಮಿ.ಮೀ. ಜಾಸ್ತಿ ಎತ್ತರ ಇತ್ತು, ಇಳಿಸುತ್ತೇನೆ.

ಯಾವ ನಂಬರ್ ಇಡಲಿ ಅಂತ ಯೋಚನೆ. ಮತ್ತೆ, ಕೈಹಗ್ಗ ಕೆಳಕ್ಕೆ ಜೋತು ಬೀಳುತ್ತಿಲ್ಲ. ದಾರ ಸೆಟೆದುಕೊಂಡು ಹೊರಗೆ ನಿಲ್ಲುತ್ತದೆ.

ಕಡಲಂಚು:

ದಾರಕ್ಕೆ ತೂಕ ಇಲ್ಲ, ಅದಕ್ಕೇ. ಬಿಳಿ ಅಂಟಿಗೆ ನೀರು ಬೆರೆಸಿ ದಾರಕ್ಕೆ ಹಚ್ಚಿ. ಒಂದೊಂದು ಬಳುಕಿನ ನಡುವೆ ಒಂದು ಸಣ್ಣ ಕ್ಲಿಪ್ ನೇತುಹಾಕಿ. ಒಣಗಿದ ಮೇಲೆ ತೆಗೆಯಿರಿ, ಆಕಾರ ನಿಲ್ಲುತ್ತದೆ. ಎಲ್ಲ ಬಳುಕುಗಳೂ ಒಂದೇ ಆಳಕ್ಕೆ ಬರಲು ದೋಣಿಯ ಬದಿಗೆ ಪೆನ್ಸಿಲ್ ಗುರುತು ಹಾಕಿದ ಟೇಪ್ ಅಂಟಿಸಿಕೊಳ್ಳಿ. ಇದನ್ನು ಬಣ್ಣ ಹಚ್ಚಿದ ಮೇಲೇ ಮಾಡಿ. ಬಣ್ಣ ಅಪ್ಪಟ ಬಿಳಿ ಬೇಡ, ಕಣ್ಣು ಕುಕ್ಕುತ್ತದೆ, ಚೂರು ಕೆನೆ ಬಣ್ಣ ಬೆರೆಸಿ. ತೆಳುವಾಗಿ ಮೂರು ಸಲ ಹಚ್ಚಿ. ದಪ್ಪಗೆ ಬಳಿದರೆ ಅಷ್ಟು ಕಷ್ಟಪಟ್ಟು ಮಾಡಿದ ಹಲಗೆ ಅಂಚುಗಳು ಮುಚ್ಚಿಹೋಗುತ್ತವೆ.

ನಂಬರ್‌ಗೆ ನನ್ನ ಮನಸ್ಸು 14ರ ಮೇಲೆ. ಟೈಟಾನಿಕ್‌ನ ಐದನೇ ಅಧಿಕಾರಿ ಹೆರಾಲ್ಡ್ ಲೋ ಇದ್ದ ದೋಣಿ. ತನ್ನ ದೋಣಿಯಲ್ಲಿದ್ದವರನ್ನು ಬೇರೆ ದೋಣಿಗಳಿಗೆ ದಾಟಿಸಿ, ನೀರಿನಲ್ಲಿದ್ದವರನ್ನು ಹುಡುಕಲು ಅವರು ವಾಪಸ್ ಹೋದರು. ಬೆಳಗಾಗುವ ಹೊತ್ತಿಗೆ ಕಂಬ ನಿಲ್ಲಿಸಿ ಹಾಯಿ ಏರಿಸಿದ್ದರು, ‘ಡಿ’ ಅನ್ನುವ ಮಡಚುವ ದೋಣಿಯನ್ನೂ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ನನ್ನ ಎರಡನೇ ದೋಣಿ ಇದೇ. ಕಂಬ ಮತ್ತು ಹಾಯಿ ಇರುವುದರಿಂದ ಕಟ್ಟಲೂ ಸಂತೋಷ.

ಹಾಯಿಪಟ:

ಹಾಯಿಗೆ ಬಟ್ಟೆ ಬೇಡ ಸರ್. ಆ ನೇಯ್ಗೆ ಈ ಅಳತೆಗೆ ಗೋಣಿಯ ಹಾಗೆ ಕಾಣುತ್ತದೆ. ತೆಳು ಟಿಶ್ಯೂ ಕಾಗದಕ್ಕೆ ಟೀ ಡಿಕಾಕ್ಷನ್ ಹಚ್ಚಿ ಒಣಗಿಸಿ, ನೀರು ಬೆರೆಸಿದ ಅಂಟಿನಲ್ಲಿ ಎರಡು ಪದರ ಕೂಡಿಸಿ. ಒದ್ದೆ ಇರುವಾಗಲೇ ಗಾಳಿ ತುಂಬಿದ ಆಕಾರ ಕೊಡಬಹುದು.

ಪುಟ್ಟಹಡಗು:

ಹಾಗಾದರೆ 14. ಪಕ್ಕೆಲುಬಿನ ಪಟ್ಟಿಗಳನ್ನು ಇವತ್ತು ಕತ್ತರಿಸಿ ನೆನೆಸಲು ಹಾಕಿದ್ದೇನೆ. ಒಂದು ಬದಿ ಮುಗಿದ ಮೇಲೆ ಫೋಟೋ ಹಾಕುತ್ತೇನೆ.