ಪೋರಸ್ ಸೆರಾಮಿಕ್ ಸೆಲ್ ಸುಟ್ಟ ಮೇಲೆ ಗುಳ್ಳೆ ಏಳುತ್ತಿದೆ, ಪದರ ಬಿಡುತ್ತಿದೆ

ಗೂಡು_ಶಿವಮೊಗ್ಗ:
ಡೀಸೆಲ್ ಹೊಗೆಯ ನೈಟ್ರೋಜನ್ ಆಕ್ಸೈಡ್ ತೆಗೆಯಲು ಸಣ್ಣ ಸೆಲ್ ಮಾಡುತ್ತಿದ್ದೇನೆ. ನಡುವೆ ಗ್ಯಾಡೋಲಿನಿಯಂ ಬೆರೆಸಿದ ಸೀರಿಯಾ (ಸೀರಿಯಂ ಆಕ್ಸೈಡ್), ಎರಡೂ ಬದಿ ಎಲ್‌ಎಸ್‌ಎಂ (ಲ್ಯಾಂಥನಂ, ಸ್ಟ್ರಾನ್ಷಿಯಂ, ಮ್ಯಾಂಗನೀಸ್ ಸೇರಿದ, ಕರೆಂಟ್ ಹರಿಯುವ ಆಕ್ಸೈಡ್) ಎಲೆಕ್ಟ್ರೋಡ್. ಹೊಗೆ ಸೆಲ್ ಒಳಗಿಂದಲೇ ಹಾದುಹೋಗಬೇಕಲ್ವಾ, ಅದಕ್ಕೆ ಮೂರೂ ಪದರದಲ್ಲಿ ರಂಧ್ರ ಬೇಕು. ಸುಟ್ಟುಹೋಗಿ ರಂಧ್ರ ಬಿಡಲೆಂದು ಹಾಕುವ ಗ್ರಾಫೈಟ್ ಮುಗಿದಿತ್ತು. ಅದರ ಬದಲು ಮನೆಯ ಅಕ್ಕಿಹಿಟ್ಟು ಹಾಕಿದೆ, ನಗಬೇಡಿ. ಗಂಟೆಗೆ 150 ಡಿಗ್ರಿಯಂತೆ ಏರಿಸಿ, 1250ರಲ್ಲಿ 2 ಗಂಟೆ ಇಟ್ಟೆ. ತೆಗೆದರೆ ಹಪ್ಪಳದ ಹಾಗೆ ಗುಳ್ಳೆ. ಅಂಚಿನಲ್ಲಿ ಪದರದ ಸಂದಿಗೆ ಉಗುರು ತೂರುತ್ತದೆ. ಶಾಖ ಜಾಸ್ತಿ ಆಯ್ತಾ?

ಹಳೇಕುಲುಮೆ:
1250 ಏನೂ ಮಾಡಿಲ್ಲ ಮಾರಾಯ್ರೆ. ಗುಳ್ಳೆ ಎದ್ದದ್ದು 200ರಿಂದ 500ರ ನಡುವೆ. ಪುಡಿ ಹಿಡಿದಿಡುವ ಅಂಟು, ಹಿಟ್ಟು ಎಲ್ಲ ಸುಟ್ಟು ಹೊಗೆಯಾಗುವುದು ಅಲ್ಲೇ. ಅಷ್ಟು ಬೇಗ ಏರಿಸಿದರೆ ಹೊಗೆ ಹೊರಬರುವ ಮೊದಲೇ ಪದರ ಎತ್ತಿಬಿಡುತ್ತದೆ. ಆ ಹಂತದಲ್ಲಿ ಗಂಟೆಗೆ 15-20 ಡಿಗ್ರಿ ಸಾಕು. ಹೌದು, ಇಡೀ ರಾತ್ರಿ ಬೇಕು. ಗೂಡಿಗೆ ಗಾಳಿ ಆಡಲಿ.

ಅಕ್ಕಿಹಿಟ್ಟಿಗೆ ನಗಲ್ಲ, ಪಿಷ್ಟ ಹಾಕುವವರು ಇದ್ದಾರೆ. ಆದರೆ ಗಿರಣಿ ಹಿಟ್ಟಿನ ಕಣ ದಪ್ಪ, ಒಂದೇ ಸಮ ಇರಲ್ಲ. ಸೋಸಿದ ಮೆಕ್ಕೆಜೋಳದ ಪಿಷ್ಟ ವಾಸಿ.

ಪದರ ಬಿಡುವುದು ಬೇರೆ ಕಥೆ, ಒಂದು ಪದರ ಇನ್ನೊಂದಕ್ಕಿಂತ ಜಾಸ್ತಿ ಕುಗ್ಗುತ್ತಿದೆ. ಎರಡೇ ಪದರದ ಪಟ್ಟಿ ಸುಟ್ಟು ನೋಡಿ. ಯಾವ ಕಡೆಗೆ ಬಾಗುತ್ತೋ ಆ ಪದರವೇ ಜಾಸ್ತಿ ಕುಗ್ಗಿದ್ದು.

ಅಡಿಕೆತೋಟ:
ಸೀರಿಯಾ ಬದಲು ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಹಾಕಿದರೆ ಗಟ್ಟಿ ಬರಲ್ವಾ?

ಹಳೇಕುಲುಮೆ:
ಗಟ್ಟಿ ಬರುತ್ತದೆ. ಆದರೆ ಈ ಶಾಖದಲ್ಲಿ ಎಲ್‌ಎಸ್‌ಎಂ ಜೊತೆ ಸೇರಿ ಲ್ಯಾಂಥನಂ ಜಿರ್ಕೊನೇಟ್ ಆಗುತ್ತದೆ. ಅದರಲ್ಲಿ ಕರೆಂಟ್ ಹರಿಯಲ್ಲ.

ಗೂಡು_ಶಿವಮೊಗ್ಗ:
ಪಟ್ಟಿ ಸುಟ್ಟೆ. ಸೀರಿಯಾ ಕಡೆಗೆ ಬಾಗಿದೆ, ಚಮಚದಷ್ಟು.

ಹಳೇಕುಲುಮೆ:
ಹಾಗಾದರೆ ನಿಮ್ಮ ಸೀರಿಯಾ ಪುಡಿ ತೀರಾ ನುಣ್ಣಗಿದೆ. ಕಲಸಿ ತೆಳು ಹಾಳೆಯಾಗಿ ಎರೆಯುವ ಮೊದಲು ಪುಡಿಯನ್ನೇ 900-1000 ಡಿಗ್ರಿಯಲ್ಲಿ ಒಮ್ಮೆ ಸುಡಿ, ಕಣ ದಪ್ಪಗಾಗಿ ಕುಗ್ಗುವುದು ಇಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ನೀರಲ್ಲಿ ಕಲಸಿ ಎರೆದ ಹಾಳೆ ಅವಸರಕ್ಕೆ ಒಣಗಲ್ಲ. ಫ್ಯಾನ್ ಹಚ್ಚಬೇಡಿ, ಮೇಲೆ ಮಾತ್ರ ಒಣಗಿ ಅಂಚು ಸುರುಳಿ ಸುತ್ತುತ್ತದೆ. ಮುಚ್ಚಿಟ್ಟು ಎರಡು ದಿನ ಬಿಡಿ.

ಗೂಡು_ಶಿವಮೊಗ್ಗ:
ನೀವು ಹೇಳಿದ ಹಾಗೇ ಎಲ್ಲ ಮಾಡಿದೆ, ಮೇಲೆ ತೆಳು ಅಲುಮಿನಾ ಹಲಗೆಯನ್ನೂ ಇಟ್ಟೆ. ಗುಳ್ಳೆ ಇಲ್ಲ. ಒಂದು ಬದಿ ಶಾಯಿ ಹಾಕಿದರೆ ಇನ್ನೊಂದು ಬದಿಗೆ ಜಿನುಗುತ್ತದೆ. ಒಂದು ಮೂಲೆ ಮಾತ್ರ ಇನ್ನೂ ಎದ್ದಿದೆ. ಹಲಗೆ ಸರಿಯಾಗಿ ಕೂತಿರಲಿಲ್ಲ ಅನ್ಸುತ್ತೆ.