ಸಿಎಂಇ ತಲುಪುವ ಹೊತ್ತು ಸರಿಯಾಗಿ ಸಿಕ್ಕರೂ ಭೂಕಾಂತೀಯ ಬಿರುಗಾಳಿಯ ತೀವ್ರತೆ ಏಕೆ ತಪ್ಪುತ್ತದೆ?

ಪ್ರಶ್ನೆ

ಕೊರೊನಾಗ್ರಾಫ್ (ಸೂರ್ಯಬಿಂಬವನ್ನು ಮರೆಮಾಡಿ ಅದರ ಸುತ್ತಲಿನ ವಾತಾವರಣವನ್ನು ಸೆರೆಹಿಡಿಯುವ ಉಪಕರಣ) ಚಿತ್ರಗಳಿಂದ ಸಿಎಂಇಯ, ಅಂದರೆ ಸೂರ್ಯನಿಂದ ಸಿಡಿದು ಹೊರಬರುವ ಕಾಂತೀಯ ಪ್ಲಾಸ್ಮಾ ಮೋಡದ, ವೇಗವನ್ನು ಅಳೆದು, ಅದಕ್ಕೆ ಸೌರಮಾರುತ (ಸೂರ್ಯನಿಂದ ಸದಾ ಹರಿದುಬರುವ ಕಣಗಳ ಪ್ರವಾಹ) ಒಡ್ಡುವ ತಡೆಯನ್ನು ಲೆಕ್ಕಕ್ಕೆ ಹಿಡಿಯುವ ಸರಳ ಮಾದರಿಯೊಂದನ್ನು ಬರೆದುಕೊಂಡಿದ್ದೇನೆ. ಹಳೆಯ ಘಟನೆಗಳ ಮೇಲೆ ಓಡಿಸಿದಾಗ ಭೂಮಿಯನ್ನು ತಲುಪುವ ಸಮಯ ಹತ್ತು ಹನ್ನೆರಡು ಗಂಟೆಗಳ ವ್ಯತ್ಯಾಸದೊಳಗೆ ಸಿಗುತ್ತದೆ. ಆದರೆ ಹೆಚ್ಚುಕಡಿಮೆ ಒಂದೇ ವೇಗದ ಎರಡು ಸಿಎಂಇಗಳಲ್ಲಿ ಒಂದು ಪ್ರಬಲ ಭೂಕಾಂತೀಯ ಬಿರುಗಾಳಿಯನ್ನು (ಭೂಮಿಯ ಕಾಂತಕ್ಷೇತ್ರದ ಏರುಪೇರನ್ನು) ಎಬ್ಬಿಸಿದ್ದರೆ, ಇನ್ನೊಂದು ಸದ್ದಿಲ್ಲದೆ ಹಾದುಹೋಗಿದೆ. ವೇಗ ಮತ್ತು ಸಾಂದ್ರತೆಯಿಂದಲೇ ಡಿಎಸ್‌ಟಿ ಸೂಚ್ಯಂಕವನ್ನು (ಬಿರುಗಾಳಿ ಪ್ರಬಲವಾದಷ್ಟೂ ಸೊನ್ನೆಗಿಂತ ಕೆಳಕ್ಕೆ ಇಳಿಯುವ ಅಳತೆ) ಅಂದಾಜಿಸಲು ಹೊರಟದ್ದು ತಪ್ಪೇ?

ಉತ್ತರ 1

ಹೌದು, ಮುಖ್ಯವಾದ ಅಂಶವೇ ಬಿಟ್ಟುಹೋಗಿದೆ. ಸಿಎಂಇ ಹೊತ್ತು ತರುವ ಕಾಂತಕ್ಷೇತ್ರದ ಉತ್ತರ-ದಕ್ಷಿಣ ಘಟಕ, ಅಂದರೆ ಬಿಝಡ್, ದಕ್ಷಿಣಕ್ಕೆ ತಿರುಗಿದ್ದರೆ ಮಾತ್ರ ಅದು ಭೂಮಿಯ ಕ್ಷೇತ್ರದೊಂದಿಗೆ ಬೆಸೆದುಕೊಂಡು ಶಕ್ತಿಯನ್ನು ಸಲೀಸಾಗಿ ಒಳಕ್ಕೆ ಬಿಡುತ್ತದೆ. ಸೆಕೆಂಡಿಗೆ 800 ಕಿ.ಮೀ. ವೇಗವೂ ದಕ್ಷಿಣಮುಖವಾಗಿ 10 ನ್ಯಾನೋಟೆಸ್ಲಾ ಕ್ಷೇತ್ರವೂ ಇದ್ದರೆ ಮೀಟರಿಗೆ 8 ಮಿಲಿವೋಲ್ಟ್ ವಿದ್ಯುತ್ ಕ್ಷೇತ್ರ ಉಂಟಾಗುತ್ತದೆ. ಸೌರಮಾರುತದ ಅಳತೆಗಳಿಂದ ಡಿಎಸ್‌ಟಿಯನ್ನು ಲೆಕ್ಕಹಾಕುವ ಬರ್ಟನ್ ಸಮೀಕರಣದ ಪರಿಷ್ಕೃತ ರೂಪದಲ್ಲಿ ಇದನ್ನು ಇಟ್ಟು ನೋಡಿ: ಚೇತರಿಕೆಯನ್ನು ಕಳೆಯುವ ಮೊದಲು ಡಿಎಸ್‌ಟಿ ಗಂಟೆಗೆ ಸುಮಾರು 33 ನ್ಯಾನೋಟೆಸ್ಲಾದಷ್ಟು ಕುಸಿಯುತ್ತದೆ. ಅದೇ ವೇಗದಲ್ಲಿ ಕ್ಷೇತ್ರ ಉತ್ತರಮುಖವಾಗಿದ್ದರೆ ಸಮೀಕರಣದ ಈ ಪದ ಸೊನ್ನೆ. ನಿಮ್ಮ ಎರಡು ಘಟನೆಗಳ ಅಂತರಕ್ಕೆ ಬಹುಮಟ್ಟಿಗೆ ಇದೇ ಕಾರಣವಿರಬೇಕು.

ಉತ್ತರ 2

ಮೇಲಿನ ಮಾತಿಗೆ ಒಂದು ಸೇರಿಕೆ. ಬಿಝಡ್ ಅನ್ನು ಮುಂಚಿತವಾಗಿ ತಿಳಿಯುವುದೇ ಈ ಮುನ್ಸೂಚನೆಯ ನಿಜವಾದ ತೊಡಕು. ಸೌರಮಾರುತವನ್ನು ಗಣಕದಲ್ಲಿ ಅನುಕರಿಸುವ ಎನ್‌ಲಿಲ್ ಮಾದರಿಯನ್ನು ಮುನ್ಸೂಚನೆಗೆ ಬಳಸುವಾಗ ಸಿಎಂಇಯನ್ನು ಸಾಮಾನ್ಯವಾಗಿ ಸೂರ್ಯನಿಂದ 21.5 ಸೌರತ್ರಿಜ್ಯಗಳ ದೂರದಲ್ಲಿ ಶಂಕುವಿನಾಕಾರದ ಒತ್ತಡದ ಮುದ್ದೆಯಾಗಿ ಒಳಸೇರಿಸುತ್ತಾರೆ. ಅದಕ್ಕೆ ತನ್ನದೇ ಆದ ಕಾಂತಕ್ಷೇತ್ರವಿರುವುದಿಲ್ಲ. ಹೀಗಾಗಿ ಬಿಝಡ್‌ನ ಖಚಿತ ಬೆಲೆ ಸಿಗುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನಲ್ಲಿರುವ ನೌಕೆಗಳ ಅಳತೆಯಿಂದ ಮಾತ್ರ. ಅಲ್ಲಿಂದ ಸೆಕೆಂಡಿಗೆ 800 ಕಿ.ಮೀ. ವೇಗದ ಪ್ರವಾಹ ಭೂಮಿಯನ್ನು ಮುಟ್ಟಲು ಅರ್ಧ ಗಂಟೆ ಸಾಕು. ವಿದ್ಯುತ್ ಜಾಲವನ್ನು ನೋಡಿಕೊಳ್ಳುವವರಿಗೆ ಇಷ್ಟು ಅವಕಾಶ ತೀರಾ ಕಡಿಮೆ ಎಂಬುದೇ ನನ್ನನ್ನು ಕಾಡುವ ಸಂಗತಿ.

ಪ್ರಶ್ನೆ ಕೇಳಿದವರಿಂದ

ಎಲ್1 ದತ್ತಾಂಶವನ್ನು ಸೇರಿಸಿ ಮತ್ತೆ ಓಡಿಸಿದೆ. ಎರಡೂ ಘಟನೆಗಳು ಬೇರ್ಪಟ್ಟವು. ಸದ್ದಿಲ್ಲದೆ ಹೋದದ್ದರಲ್ಲಿ ಬಿಝಡ್ ಬಹುತೇಕ ಹೊತ್ತು ಉತ್ತರಕ್ಕೇ ಇತ್ತು. ಒಂದರ ಹಿಂದೆ ಒಂದು ಸಿಎಂಇ ಬಂದಾಗ ಇದೇ ತಡೆಯ ಗುಣಾಂಕವನ್ನು ಉಳಿಸಿಕೊಳ್ಳಬಹುದೇ?

ಉತ್ತರ 2ನ್ನು ಬರೆದವರಿಂದ

ಬೇಡ. ಮುಂದೆ ಹೋದದ್ದು ದಾರಿಯನ್ನು ತೆರವು ಮಾಡಿರುವುದರಿಂದ ಹಿಂದಿನದಕ್ಕೆ ತಡೆ ಕಡಿಮೆ. 2024ರ ಮೇ 10–11ರಂದು ಸೂರ್ಯನ ಮೇಲಿನ ಒಂದೇ ಸಕ್ರಿಯ ವಲಯದಿಂದ ಹೊರಟ ಹಲವು ಸಿಎಂಇಗಳು ಸಾಲಾಗಿ ಬಂದು, ಡಿಎಸ್‌ಟಿ ಮೈನಸ್ 400 ನ್ಯಾನೋಟೆಸ್ಲಾದ ಆಸುಪಾಸಿಗೆ ಇಳಿದಿತ್ತು. ಅಂಥ ಸಂದರ್ಭದಲ್ಲಿ ಗುಣಾಂಕವನ್ನು ಒಂದು ವ್ಯಾಪ್ತಿಯೊಳಗೆ ಬದಲಿಸುತ್ತ ಹಲವು ಬಾರಿ ಓಡಿಸಿ, ತಲುಪುವ ಸಮಯವನ್ನು ಒಂದೇ ಅಂಕಿಯಾಗಿ ಕೊಡದೆ ಹರವಿನ ರೂಪದಲ್ಲೇ ಕೊಡಿ.