ಮರವಂತೆಯಲ್ಲಿ ತೆಗೆದ ಬೆಳಗಿನ ಲಾಂಗ್ ಎಕ್ಸ್‌ಪೋಶರ್ ಎಲ್ಲಾ ಮಸುಕು, ಲೆನ್ಸ್ ಹೋಯ್ತಾ?

ಪಿಬಿ_ರೋಡ್_ಕ್ಲಿಕ್ (ದಾವಣಗೆರೆ):
ಅಷ್ಟು ದೂರ ಹೋಗಿ ಒಂದು ಫೋಟೊನೂ ಉಪಯೋಗಕ್ಕಿಲ್ಲ. ಸೂರ್ಯೋದಯಕ್ಕೆ 20 ನಿಮಿಷ ಮುಂಚೆ, ಐಎಸ್‌ಒ 100, ಎಫ್ 11, ಶಟರ್ 30 ಸೆಕೆಂಡ್ ತೆರೆದಿಟ್ಟೆ. ಟ್ರೈಪಾಡ್, ರಿಮೋಟ್ ಎರಡೂ ಇತ್ತು. ಎಲ್ಲಾ ಮಸುಕು. ಬಿಸಿಲು ಬಂದ ಮೇಲೆ 1/60ರಲ್ಲಿ ತೆಗೆದವು ಚೆನ್ನಾಗಿವೆ. ಬೇಗ ಹೇಳ್ರಪ್ಪಾ.

ದುರ್ಗದ_ಬಂಡೆ:
ವಿಆರ್ (ಲೆನ್ಸಿನೊಳಗೆ ಅಲುಗಾಟ ತಡೆಯೋ ವ್ಯವಸ್ಥೆ) ಆಫ್ ಮಾಡಿದ್ರಾ? ಟ್ರೈಪಾಡ್ ಮೇಲೆ ಅದೇ ಅಲುಗಾಟ ಹುಟ್ಟಿಸುತ್ತೆ. 1/60ರಲ್ಲಿ ಸರಿ, 30 ಸೆಕೆಂಡಲ್ಲಿ ಮಸುಕು ಅಂದ್ರೆ ಬೇರೆ ಯೋಚನೆನೇ ಬೇಡ.

ಹರಿಹರ_ತೀರ:
ಒದ್ದೆ ಮರಳಲ್ಲಿ ಕಾಲು ಇಳಿದಿರುತ್ತೆ. ನಿಲ್ಲಿಸೋವಾಗಲೇ ಒತ್ತಿ ಒತ್ತಿ ಗಟ್ಟಿ ಸಿಗೋ ತನಕ ಇಳಿಸಬೇಕು, ಒಂದೆರಡು ಅಲೆ ಬಂದುಹೋದ ಮೇಲೆ ಮತ್ತೆ ಫ್ರೇಮ್ ನೋಡಬೇಕು. ನಡುಗಂಬ ಎತ್ತಬಾರದು, ಸ್ಟ್ರಾಪ್ ಬಿಚ್ಚಿಡಬೇಕು. ಕೊನೆಯ ತೆಳ್ಳನೆ ಸೆಕ್ಷನ್ನನ್ನ ಮೊದಲೇ ಪೂರ್ತಿ ಎಳೆದುಬಿಟ್ಟರೆ ಲಾಕ್‌ಗೆ ಉಪ್ಪುನೀರು ತಾಗಲ್ಲ.

ಪಿಬಿ_ರೋಡ್_ಕ್ಲಿಕ್:
ಮರಳಲ್ಲ ಸರ್, ರಸ್ತೆ ಪಕ್ಕದ ಬಂಡೆ ಮೇಲಿತ್ತು. 10-20 ಲೆನ್ಸು, ವಿಆರ್ ಇಲ್ಲದ್ದು.

ದುರ್ಗದ_ಬಂಡೆ:
ಹಾಗಾದ್ರೆ ಬಾಡಿಯಲ್ಲಿ ಸ್ಟೆಬಿಲೈಸರ್ ಇರುತ್ತೆ. ಮೆನು ಸರಿಯಾಗಿ ನೋಡಿ.

ಪಿಬಿ_ರೋಡ್_ಕ್ಲಿಕ್:
ಹಳೇ ಡಿಎಸ್‌ಎಲ್‌ಆರ್ ಅದು. ಅದೂ ಇಲ್ಲ.

ಫುಲ್‌ಫ್ರೇಮ್_ರಾಯ:
ಪಡುವಣ ಕಡಲಿಗೆ ಬೆಳಗ್ಗೆ ಹೋಗೋದೇ ದಂಡ. ಸೂರ್ಯ ಬೆನ್ನ ಹಿಂದೆ ಹುಟ್ತಾನೆ. ನಾನಾದ್ರೆ ಫುಲ್ ಫ್ರೇಮ್, 14-24, ಕಾರ್ಬನ್ ಟ್ರೈಪಾಡ್, 150 ಎಂಎಂ ಚೌಕ ಫಿಲ್ಟರ್ ತಗೊಂಡು ಸಂಜೆ ಹೋಗೋದು.

ಹರಿಹರ_ತೀರ:
ಸೆಟ್ಟಪ್ ಯಾರು ಕೇಳಿದ್ರು ರಾಯರೇ? ಮೋಡ ಇಲ್ಲದ ದಿನ ಸೂರ್ಯ ಹುಟ್ಟೋ ಮುಂಚೆ ಪಡುವಣ ದಿಗಂತದಲ್ಲಿ ಭೂಮಿಯ ನೆರಳಿನ ನೀಲಿ, ಅದರ ಮೇಲೆ ಗುಲಾಬಿ ಪಟ್ಟಿ ನಿಲ್ಲುತ್ತೆ. ಸಂಜೆ ಕಡಲ ಕಡೆ ಅದು ಸಿಗಲ್ಲ. ಸೂರ್ಯನೇ ಬೇಕಿದ್ರೆ ಮರವಂತೆಯಲ್ಲಿ ಹೆದ್ದಾರಿ ದಾಟಿ ನಿಲ್ಲಿ, ಸೌಪರ್ಣಿಕಾ ನದಿ ಮೇಲೇ ಸಿಗ್ತಾನೆ.

ಸೂಳೆಕೆರೆ_ಹಕ್ಕಿ:
ಮೂಲ ಪ್ರಶ್ನೆಗೆ ಬರೋಣ. ಫೋಟೊನ 100%ಗೆ ಹಿಗ್ಗಿಸಿ ಬಂಡೆಯ ಅಂಚು ನೋಡಿ. ಅಂಚು ಎರಡೆರಡಾಗಿದ್ರೆ ಅಲುಗಾಟ. ಅಂಚು ಒಂದೇ ಇದ್ದು, ಕಪ್ಪು ಬಂಡೆ ಬೂದಿ ಬಣ್ಣಕ್ಕೆ ತಿರುಗಿ, ದೂರದ ದೀಪಗಳ ಸುತ್ತ ಪ್ರಭೆ ಹರಡಿದ್ರೆ ಗಾಜಿನ ಮೇಲೆ ಹಬೆ. ಫಿಲ್ಟರ್ ಏನಿತ್ತು? ರಾತ್ರಿ ಕ್ಯಾಮೆರಾ ಎಲ್ಲಿತ್ತು?

ಪಿಬಿ_ರೋಡ್_ಕ್ಲಿಕ್:
ಅಂಚು ಒಂದೇ. ಬಂಡೆ ಬೂದಿ ಬೂದಿ. ಯುವಿ ಫಿಲ್ಟರ್ ಮೇಲೆ ಎನ್‌ಡಿ8 (ಬೆಳಕು ತಗ್ಗಿಸೋ ಕಪ್ಪು ಫಿಲ್ಟರ್). ಕ್ಯಾಮೆರಾ ರೂಮಲ್ಲೇ ಇತ್ತು, ಎಸಿ 18. ಆದ್ರೆ ಎನ್‌ಡಿ ಒರೆಸಿ ಒರೆಸಿ ತೆಗೆದಿದ್ದೀನಿ.

ಸೂಳೆಕೆರೆ_ಹಕ್ಕಿ:
ಒರೆಸಿದ್ದು ಹೊರಗಿನ ಮುಖ. ಹಬೆ ಕೂತಿದ್ದು ಯುವಿ-ಎನ್‌ಡಿ ನಡುವೆ. ತಣ್ಣಗಿನ ಗಾಜು ಕರಾವಳಿಯ ತೇವದ ಗಾಳಿಗೆ ಬಂದ ಕೂಡಲೇ ಹನಿ ಕಟ್ಟುತ್ತೆ, ಎರಡು ಗಾಜಿನ ಮಧ್ಯೆ ಗಾಳಿ ಆಡದೆ ಬೇಗ ಆರಲ್ಲ. ಗಾಜು ಬಿಸಿಯಾದ ಮೇಲೆ ತಾನಾಗೇ ಹೋಗಿದೆ, ಅದಕ್ಕೇ 1/60ರವು ಚೆನ್ನಾಗಿವೆ. ಲೆನ್ಸಿಗೆ ಏನೂ ಆಗಿಲ್ಲ.

ಮುಂದಿನ ಸಲ ಯುವಿ ಬಿಚ್ಚಿಡಿ, ಎನ್‌ಡಿ ಒಂದೇ ಸಾಕು. ಕ್ಯಾಮೆರಾನ ಎಸಿ ಇಲ್ಲದ ಜಾಗದಲ್ಲಿಡಿ. ಆಗದಿದ್ರೆ ರೂಮಲ್ಲೇ ಜಿಪ್ ಕವರಿಗೆ ಹಾಕಿ ಗಾಳಿ ತೆಗೆದು ಮುಚ್ಚಿ, ಹೊರಗೆ ತಂದು 45 ನಿಮಿಷ ಬಿಟ್ಟು ತೆರೀರಿ. ಹನಿ ಕವರಿನ ಹೊರಗೆ ಕಟ್ಟುತ್ತೆ. ಕಾರಿನ ಎಸಿನೂ ಇದೇ ಕೆಲಸ ಮಾಡುತ್ತೆ, ದಾರಿಯಲ್ಲಿ ಗ್ಲಾಸ್ ಇಳಿಸಿ. ಹಬೆ ಇರೋವಾಗ ಲೆನ್ಸ್ ಬದಲಿಸಲೇಬೇಡಿ, ಸೆನ್ಸರ್ ಮೇಲೂ ಕೂರುತ್ತೆ. ಉಪ್ಪಿನ ಸಿಂಚನ ಬಿದ್ದಿದ್ರೆ ಒಣ ಬಟ್ಟೆಯಿಂದ ಉಜ್ಜದೆ, ಬಟ್ಟೆಗೆ ಸ್ವಲ್ಪ ಸಿಹಿನೀರು ತಾಗಿಸಿ ಒರೆಸಿ.

ಲೆಕ್ಕನೂ ನೋಡ್ಕೊಳ್ಳಿ: ಎನ್‌ಡಿ8 ಅಂದ್ರೆ 3 ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ), ಎಂಟು ಪಟ್ಟು ಕಮ್ಮಿ ಬೆಳಕು. ನಿಮ್ಮ 30 ಸೆಕೆಂಡ್ ಫಿಲ್ಟರ್ ಇಲ್ಲದೆ 4 ಸೆಕೆಂಡಿಗಿಂತ ಚೂರು ಕಮ್ಮಿ. ಅಲೆ ನಯವಾಗೋಕೆ ಆ ಹೊತ್ತಲ್ಲಿ ಅಷ್ಟೇ ಸಾಕಾಗ್ತಿತ್ತು. ಡಿಎಸ್‌ಎಲ್‌ಆರ್ ಅಂದ್ರಲ್ಲ, ವ್ಯೂಫೈಂಡರ್ ಕಂಡಿನೂ ಮುಚ್ಚಿ. ಪೂರ್ವದ ಬೆಳಕು ಬೆನ್ನ ಹಿಂದಿನಿಂದ ಅದರೊಳಗೆ ನುಗ್ಗಿದ್ರೆ ಚಿತ್ರದ ಮೇಲೆ ಬಿಳಿ ಮಬ್ಬು ಬರುತ್ತೆ.

ದುರ್ಗದ_ಬಂಡೆ:
ಹಬೆ ಇರಬಹುದು. ಆದ್ರೂ ವಿಆರ್ ಇರೋ ಲೆನ್ಸ್‌ನವರು ಆಫ್ ಮಾಡಲೇಬೇಕು.

ಫುಲ್‌ಫ್ರೇಮ್_ರಾಯ:
ಈಗಿನ ಕೆಲವು ಲೆನ್ಸು ಟ್ರೈಪಾಡ್ ಗುರುತಿಸಿ ತಾವೇ ಸುಮ್ಮನಾಗ್ತವೆ ಸ್ವಾಮಿ.

ದುರ್ಗದ_ಬಂಡೆ:
ಯಾವ ಲೆನ್ಸು? ಹೆಸರು ಹೇಳಿ.

ಕೊಂಡಜ್ಜಿ_ಕೆರೆ:
ನಡುವೆ ಬಾಯಿ ಹಾಕ್ತಿದ್ದೀನಿ, 67ರಿಂದ 77ರ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸೋ ಬಳೆ) ದಾವಣಗೆರೆಯಲ್ಲೇ ಸಿಗುತ್ತಾ, ಆನ್‌ಲೈನೇ ಗತಿನಾ? 10 ಎಂಎಂನಲ್ಲಿ ಮೂಲೆ ಕಪ್ಪಾಗಬಾರದು.